ಕಲ್ಲು ಕೊಯ್ಯುವವರೇ, ಮೊದಲು ನೀರು ಬಿಡಿ

ಕಲ್ಲಿದ್ದಲು ಗಣಿಯವರ ಶ್ವಾಸಕೋಶದ ಕಾಯಿಲೆ ಎಂದ ಕೂಡಲೇ ನಮ್ಮ ಕಡೆಯವರು ಅದು ನಮಗಲ್ಲ ಎಂದು ಮುಂದೆ ಹೋಗಿಬಿಡುತ್ತಾರೆ. ಸರಿಯೇ, ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನಾವು ಕಲ್ಲಿದ್ದಲು ನೋಡುವುದೇ ಗೋವಾ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮೇಲೆ ಹೋಗುವ ಗೂಡ್ಸ್ ಗಾಡಿಯಲ್ಲಿ. ಅದೂ ಜೋಯಿಡಾ ಕಡೆಯವರಿಗೆ ಮಾತ್ರ ಕಾಣುತ್ತದೆ. ಆದರೆ ಅದೇ ಜಾತಿಯ ಕಾಯಿಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೇರೆ ಬೇರೆ ಕೆಲಸಗಳ ಹಿಂದೆ ಬರುತ್ತದೆ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಚಿರೆಕಲ್ಲು ಕ್ವಾರಿಯವರು, ಜಲ್ಲಿ ಕ್ರಷರಿನವರು, ಹೆದ್ದಾರಿ 66 ಅಗಲ ಮಾಡಲು ಗುಡ್ಡ ಕೊರೆದವರು, ಕೊಂಕಣ ರೈಲ್ವೆ ಸುರಂಗದಲ್ಲಿ ದುಡಿದು ಈಗ ಜಗಲಿಯಲ್ಲಿ ಕೂತು ಕೆಮ್ಮುವವರು, ಗೋವಾದ ಅದಿರು ಗಣಿಗೆ ಹೋಗಿ ವಾಪಸ್ ಬಂದವರು, ಮನೆಮನೆಗೆ ಹೋಗಿ ಗ್ರಾನೈಟ್ ಕೂರಿಸುವ ಹುಡುಗರು. ಇವರಿಗೆ ಮತ್ತು ಇವರ ಮನೆಯವರಿಗೆ ಬೇಕಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಒಮ್ಮೆ ಶ್ವಾಸಕೋಶ ಗಟ್ಟಿಯಾದರೆ ಅದು ಮತ್ತೆ ಮೆತ್ತಗಾಗುವುದಿಲ್ಲ. ಹಾಗಾಗಿ ಮಾಡಬೇಕಾದ್ದೆಲ್ಲ ಮೊದಲೇ ಮಾಡಬೇಕು, ಕೆಮ್ಮು ಬಂದ ಮೇಲೆ ನೋಡೋಣ ಎಂದರೆ ಆಗುವುದಿಲ್ಲ.

ಕಾಣುವ ಧೂಳಿಗಿಂತ ಕಾಣದ ಧೂಳೇ ಕೆಟ್ಟದ್ದು

ಕುಮಟಾದಲ್ಲೋ ಶಿರಸಿಯಲ್ಲೋ ಹೊಸ ಮನೆಯ ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಸಿಂಕ್ ಕೂರಿಸಲು ಕಲ್ಲಿನಲ್ಲಿ ಚೌಕ ಕೊಯ್ಯಬೇಕು. ಹುಡುಗ ಮಂಡಿಯೂರಿ ಕೂತು ಕಟ್ಟರ್ ಚಾಲೂ ಮಾಡುತ್ತಾನೆ. ಎರಡು ನಿಮಿಷದೊಳಗೆ ಕೋಣೆ ಬೆಳ್ಳಗಾಗುತ್ತದೆ, ಅವನ ರೆಪ್ಪೆ, ಹುಬ್ಬು, ಕಿವಿಯ ಮೇಲಿನ ರೋಮ ಎಲ್ಲ ಬಿಳಿ. ಮೂಗಿಗೆ ಒಂದು ಟವೆಲ್ ಸುತ್ತಿರುತ್ತಾನೆ. ಕೊಯ್ದು ಮುಗಿದ ಮೇಲೆ ಟವೆಲ್ ಬಿಚ್ಚಿ ಪಟಪಟ ಎಂದು ಕೊಡವಿ ಅದರಲ್ಲೇ ಮುಖ ಒರೆಸಿಕೊಂಡು ಚಾ ಕುಡಿಯುತ್ತಾನೆ. ಮನೆ ಯಜಮಾನರು ಪಾಪ, ಟೈಲ್ಸ್ ಮೇಲೆ ಧೂಳು ಕೂತಿತಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಾರೆ.

ಟೈಲ್ಸ್ ಮೇಲೆ ಕೂತದ್ದು ದೊಡ್ಡ ಕಣ. ಅದು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ, ಕಫದಲ್ಲಿ ಹೊರಗೆ ಬರುತ್ತದೆ. ಕಾಯಿಲೆ ತರುವುದು ಹತ್ತು ಮೈಕ್ರಾನಿಗಿಂತ ಸಣ್ಣದು, ಅದರಲ್ಲೂ ಐದಕ್ಕಿಂತ ಕಡಿಮೆ ಇರುವ ಕಣ. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಲೆಕ್ಕ ಹಾಕಿ. ಈ ಸಣ್ಣ ಧೂಳು ಕಣ್ಣಿಗೆ ಕಾಣುವುದಿಲ್ಲ, ಬೇಗ ನೆಲಕ್ಕೂ ಇಳಿಯುವುದಿಲ್ಲ, ಕೋಣೆ ತಿಳಿಯಾದ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಹಾಗಾಗಿ ಪಕ್ಕದ ಕೋಣೆಯಲ್ಲಿ ವೈರಿಂಗ್ ಮಾಡುವವನೂ ಅದನ್ನೇ ಉಸಿರಾಡುತ್ತಾನೆ.

ಒಳಗೆ ಹೋದ ಮೇಲೆ ಏನಾಗುತ್ತದೆ? ಶ್ವಾಸಕೋಶದ ತುದಿಯ ಗಾಳಿಚೀಲಗಳಲ್ಲಿ ಕಸ ನುಂಗುವ ಜೀವಕೋಶಗಳು ಇರುತ್ತವೆ. ಅವು ಸಿಲಿಕಾ, ಅಂದರೆ ಕಲ್ಲು ಮರಳಿನಲ್ಲಿರುವ ಖನಿಜದ ಧೂಳನ್ನು ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಸಿಲಿಕಾ ಮತ್ತೆ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲ ಅಲ್ಲಿ ಉರಿ ಎದ್ದು ಗಾಯದ ಕಲೆ ಬೀಳುತ್ತದೆ. ಇದೇ ಗಂಟುಗಂಟಾಗಿ ಬೆಳೆಯುತ್ತದೆ. ಕೆಲಸ ಬಿಟ್ಟ ಮೇಲೂ ಕೆಲವರಲ್ಲಿ ಬೆಳೆಯುತ್ತಲೇ ಹೋಗುವುದು ಇದೇ ಕಾರಣಕ್ಕೆ. ಹಳೆಯ ಧೂಳಿಗಿಂತ ಆಗ ತಾನೇ ಒಡೆದ, ಕೊಯ್ದ ಕಲ್ಲಿನ ಧೂಳು ಇನ್ನೂ ಜಾಸ್ತಿ ಕೆಡುಕು.

ಯಾವ ಕೆಲಸ, ಎಷ್ಟು ಅಪಾಯ

ಎಲ್ಲ ಧೂಳೂ ಒಂದೇ ಅಲ್ಲ. ಭಾರತದ ಕಲ್ಲಿದ್ದಲು ಗಣಿಗಳಲ್ಲಿ ಒಂದು ಘನ ಮೀಟರ್ ಗಾಳಿಗೆ ಎರಡು ಮಿಲಿಗ್ರಾಂ ಸಣ್ಣ ಧೂಳು ಎಂಬುದು ಮಿತಿ, ಅದೂ ಅದರಲ್ಲಿ ಸಿಲಿಕಾ ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಮಾತ್ರ. ಬರೀ ಸಿಲಿಕಾಕ್ಕೆ ಅಮೆರಿಕ 2016ರಲ್ಲಿ ಇಟ್ಟ ಮಿತಿ 0.05 ಮಿಲಿಗ್ರಾಂ, ನಲವತ್ತು ಪಟ್ಟು ಕಡಿಮೆ. ಒಂದು ಸಕ್ಕರೆ ಹರಳನ್ನು ಹತ್ತು ಚೂರು ಮಾಡಿದರೆ ಒಂದು ಚೂರು ಎಷ್ಟು ತೂಗುತ್ತದೋ ಹೆಚ್ಚುಕಡಿಮೆ ಅಷ್ಟು. ಅಮೆರಿಕದ ಅಪಲಾಚಿಯಾ ಬೆಟ್ಟಗಳ ಕಲ್ಲಿದ್ದಲು ಗಣಿಗಳಲ್ಲಿ ಕಪ್ಪು ಶ್ವಾಸಕೋಶದ ಕಾಯಿಲೆ ಕಡಿಮೆಯಾಗುತ್ತಾ ಬಂದಿತ್ತು. 2000ದ ಈಚೆಗೆ ಮತ್ತೆ ಏರಿತು, ಅದೂ ವಯಸ್ಸು ಹೆಚ್ಚಾಗದವರಲ್ಲೂ ತೀವ್ರವಾಗಿ. ದಪ್ಪ ಕಲ್ಲಿದ್ದಲು ಪದರ ಮುಗಿದು ತೆಳು ಪದರಕ್ಕೆ ಇಳಿದರು. ತೆಳು ಪದರ ತೆಗೆಯಬೇಕಾದರೆ ಮೇಲೆ ಕೆಳಗಿನ ಬಂಡೆಯನ್ನೂ ಕೊರೆಯಬೇಕು, ಬಂಡೆಯಲ್ಲಿ ಸಿಲಿಕಾ ಇರುತ್ತದೆ. ಇದು ದೊಡ್ಡ ಕಾರಣ ಎನ್ನುತ್ತಾರೆ ತಿಳಿದವರು. ಕಲ್ಲಿದ್ದಲಿಗಿಂತ ಕಲ್ಲೇ ಕೆಟ್ಟದ್ದು ಎಂದಾಯಿತು.

ನಮ್ಮ ರಾಜ್ಯದವರಿಗೆ ಇದು ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು.

ಈಗ ನಮ್ಮ ಕಡೆ ಲೆಕ್ಕ. ಗ್ರಾನೈಟ್‌ನಲ್ಲಿ ಸಿಲಿಕಾ ನೂರಕ್ಕೆ ನಲವತ್ತರವರೆಗೂ ಇರಬಹುದು. ಮಾರ್ಬಲ್‌ನಲ್ಲಿ ತುಂಬಾ ಕಡಿಮೆ. ಈಗ ಹೊಸದಾಗಿ ಬರುತ್ತಿರುವ ಕ್ವಾರ್ಟ್ಜ್ ಕಟ್ಟೆ ಇದೆಯಲ್ಲ, ಕಾರ್ಖಾನೆಯಲ್ಲಿ ಅಂಟು ಹಾಕಿ ಒತ್ತಿ ಮಾಡಿದ ಕಲ್ಲು, ಅದರಲ್ಲಿ ತೊಂಬತ್ತಕ್ಕೂ ಮೇಲೆ. ಇದನ್ನು ಕೊಯ್ದು ಚಿಕ್ಕ ವಯಸ್ಸಿನವರೇ ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದರು ಎಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧವೇ ಮಾಡಿತು. ನಮ್ಮಲ್ಲಿ ಬೆಂಗಳೂರು ಫ್ಯಾಶನ್ ಎಂದು ಹಾಕಿಸುತ್ತಿದ್ದಾರೆ. ಹಾಕಿಸುವವರು ಹಾಕಿಸಲಿ, ಮನೆಯೊಳಗೆ ನೀರಿಲ್ಲದೆ ಕೊಯ್ಯಲು ಮಾತ್ರ ಬಿಡಬೇಡಿ.

ಚಿರೆಕಲ್ಲಿನಲ್ಲಿ ಸಿಲಿಕಾ ಸಾಮಾನ್ಯವಾಗಿ ಗ್ರಾನೈಟ್‌ಗಿಂತ ಕಡಿಮೆ, ಆದರೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಮೆಷಿನ್ನಿನಲ್ಲಿ ಕೊಯ್ಯುವಾಗ ಏಳುವ ಕೆಂಪು ಮೋಡ ನೋಡಿದರೆ ಕಡಿಮೆ ಎಂದು ಸುಮ್ನೆ ಕೂರುವ ಹಾಗಿಲ್ಲ. ಕ್ರಷರ್ ಮತ್ತು ಎಂ ಸ್ಯಾಂಡ್ ಘಟಕದವರು ನನ್ನ ಪ್ರಕಾರ ಎಲ್ಲರಿಗಿಂತ ಅಪಾಯದಲ್ಲಿ ಇರುವವರು. ಅಲ್ಲಿ ಕಲ್ಲನ್ನು ಹಿಟ್ಟು ಮಾಡುವುದೇ ಕೆಲಸ, ಅಲ್ವಾ?

ಘಟ್ಟದ ಮೇಲೆ ಬೇರೆ ಥರ. ಶಿರಸಿ, ಸಿದ್ದಾಪುರದಲ್ಲಿ ಚಾಲಿ ಅಡಿಕೆ ಸುಲಿಯುವವರು, ಹಳೆ ಸಿಪ್ಪೆ ರಾಶಿ ಎತ್ತುವವರು, ಅಕ್ಕಿ ಗಿರಣಿಯವರು, ಬೂಷ್ಟು ಹಿಡಿದ ಹುಲ್ಲು ಬಿಚ್ಚಿ ಕೊಟ್ಟಿಗೆಗೆ ಹಾಕುವವರು. ಇಲ್ಲಿ ಸಿಲಿಕಾಕ್ಕಿಂತ ಬೂಷ್ಟಿನ ಕಾಟ. ಧೂಳು ಕುಡಿದ ನಾಲ್ಕರಿಂದ ಎಂಟು ಗಂಟೆಯ ಮೇಲೆ, ಅಂದರೆ ಹಗಲು ಕೆಲಸ ಮಾಡಿದರೆ ರಾತ್ರಿ, ಚಳಿ ಜ್ವರ, ಒಣಕೆಮ್ಮು, ಎದೆ ಬಿಗಿತ. ಎರಡು ದಿನದಲ್ಲಿ ಸರಿಯಾಗುತ್ತದೆ, ಮತ್ತೆ ರಾಶಿ ಮುಟ್ಟಿದಾಗ ಮತ್ತೆ ಬರುತ್ತದೆ. ಇದನ್ನು ಫ್ಲೂ ಎಂದೋ ಮಳೆ ಹಿಡಿದದ್ದು ಎಂದೋ ವರ್ಷಗಟ್ಟಲೆ ತಳ್ಳಿದರೆ ಇದೂ ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಇದಕ್ಕೆ ಒಳ್ಳೆಯ ಸುದ್ದಿ ಏನೆಂದರೆ, ಬೇಗ ಗುರುತಿಸಿ ಆ ಧೂಳಿನಿಂದ ದೂರ ಇದ್ದರೆ ಬಹಳಷ್ಟು ಜನ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಅಡಿಕೆ, ಹುಲ್ಲು ಸರಿಯಾಗಿ ಒಣಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮಳೆಗಾಲದ ಮುಂದೆ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ, ಗೊತ್ತು.

ಸಾ ಮಿಲ್ಲು, ಬಡಗಿ ಕೆಲಸದವರಿಗೆ ಮರದ ಹುಡಿಯಿಂದ ಉಬ್ಬಸ ಬರಬಹುದು, ಮೂಗಿನ ಕ್ಯಾನ್ಸರಿಗೂ ಅದು ಕಾರಣ ಎಂಬುದು ಖಚಿತವಾಗಿದೆ. ಇನ್ನು ಹಳೆ ಸಿಮೆಂಟ್ ಶೀಟು. ಕರಾವಳಿಯಲ್ಲಿ ಪ್ರತಿ ಮಳೆಗಾಲಕ್ಕೂ ಗಾಳಿಗೆ ಒಡೆಯುತ್ತವೆ, ನಾವು ಚೂರುಗಳನ್ನು ದಾರಿಗೆ ಹಾಕಿ ತುಳಿಯುತ್ತೇವೆ. ಅವುಗಳಲ್ಲಿ ಆಸ್‌ಬೆಸ್ಟಾಸ್ ನಾರು ಇರುತ್ತದೆ. ಅದರ ಕಾಯಿಲೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬಿಟ್ಟು ಬರುತ್ತದೆ. ಶೀಟು ತೆಗೆಯುವಾಗ ಚೆನ್ನಾಗಿ ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ. ಗ್ರೈಂಡರಿನಲ್ಲಿ ಕೊಯ್ಯುವ ಯೋಚನೆಯೇ ಬೇಡ.

ನೀರು, ಆಮೇಲೆ ಗಾಳಿ, ಕೊನೆಗೆ ಮಾಸ್ಕ್

ಎಲ್ಲರೂ ಮಾಸ್ಕಿನಿಂದ ಶುರು ಮಾಡುತ್ತಾರೆ. ತಪ್ಪು ಕ್ರಮ. ಧೂಳು ಏಳದ ಹಾಗೆ ಮಾಡುವುದು ಮೊದಲು. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬಿದ್ದರೆ ಧೂಳಿನ ಬಹುಪಾಲು ಕೆಸರಾಗಿ ಕೆಳಗೆ ಇಳಿಯುತ್ತದೆ. ಕೊಯ್ಯುವ ಮೊದಲು ಕಲ್ಲಿನ ಮೇಲೆ ಒಂದು ಬಕೆಟ್ ನೀರು ಸುರಿದರೆ ಅದು ಅರ್ಧ ನಿಮಿಷಕ್ಕೆ ಸಾಕು, ಆಮೇಲೆ ಬ್ಲೇಡು ಒಳಗೆ ಇಳಿದಂತೆ ಒಣ ಕಲ್ಲೇ ಸಿಗುತ್ತದೆ. ನೀರು ಕೊಯ್ಯುವಷ್ಟು ಹೊತ್ತೂ ಸಣ್ಣಗೆ ಹರಿಯುತ್ತಲೇ ಇರಬೇಕು.

ಆದರೆ ಇಲ್ಲಿ ಜೀವಕ್ಕೆ ಇನ್ನೊಂದು ಅಪಾಯ ಇದೆ, ಕರೆಂಟು. ಕೈಯಲ್ಲಿ ಹಿಡಿಯುವ ಮಾಮೂಲಿ ಗ್ರೈಂಡರ್ ನೀರಿಗಾಗಿ ಮಾಡಿದ್ದಲ್ಲ. ನೀರಿನ ಪೈಪ್ ಜೋಡಿಸಲು ಬರುವ ಕಲ್ಲು ಕೊಯ್ಯುವ ಕಟ್ಟರ್ ಬೇರೆಯೇ ಸಿಗುತ್ತದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಮಷಿನ್ನಿನ ಸಾಲಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು, ಕರೆಂಟು ಸೋರಿದ ಕೂಡಲೇ ಅದು ಬೀಳುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸನ್ನು ನೆಲದ ಮೇಲೆ ಬಿಸಾಡಬೇಡಿ, ಮೇಜಿನ ಮೇಲೋ ಕಿಟಕಿ ಸರಳಿಗೋ ಕಟ್ಟಿ. ವಯರಿಗೆ ಟೇಪ್ ಸುತ್ತಿದ ಮಷಿನ್ನು ಇದ್ದರೆ ನೀರಿನ ಹತ್ತಿರ ತರಲೇಬೇಡಿ. ಕಾಲಿಗೆ ರಬ್ಬರ್ ಬೂಟು ಹಾಕಿ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಜೊತೆಗಾರ ನೀರು ಹನಿಸುವ ಪದ್ಧತಿ ನಮ್ಮಲ್ಲಿ ಇದೆ. ನೀರಿಲ್ಲದೆ ಕೊಯ್ಯುವುದಕ್ಕಿಂತ ಮೇಲು, ಆದರೆ ನೀರು ಮೋಟಾರಿಗೆ ಹೋಗುತ್ತದೆ, ಹನಿಸುವವನ ಕೈ ಬ್ಲೇಡಿನ ಹತ್ತಿರ ಇರುತ್ತದೆ. ನನಗೆ ಅದು ಅಷ್ಟು ಇಷ್ಟವಾಗುವುದಿಲ್ಲ.

ಇದಕ್ಕಿಂತಲೂ ಸುಲಭದ ದಾರಿ, ಅಳತೆ ತೆಗೆದುಕೊಂಡು ಹೋಗಿ ಅಂಗಡಿಯ ಯಾರ್ಡಿನಲ್ಲೇ ದೊಡ್ಡ ನೀರಿನ ಮಷಿನ್ನಿನಲ್ಲಿ ಕೊಯ್ಸಿ ತರುವುದು. ಮನೆಯಲ್ಲಿ ಬರೀ ಕೂರಿಸುವ ಕೆಲಸ ಉಳಿಯುತ್ತದೆ. ಮನೆ ಕಟ್ಟಿಸುವವರು ಮೇಸ್ತ್ರಿಗೆ ಇದೊಂದು ಮಾತು ಹೇಳಿದರೆ ಸಾಕು. ಸ್ವಲ್ಪ ಜಾಸ್ತಿ ದುಡ್ಡು ಕೇಳಬಹುದು, ಕೊಡಿ.

ಕ್ರಷರಿನಲ್ಲಿ ಕಲ್ಲು ಬೀಳುವ ಜಾಗ, ಒಡೆಯುವ ದವಡೆ, ಜರಡಿ, ಬೆಲ್ಟಿನ ತುದಿ, ಈ ನಾಲ್ಕು ಕಡೆ ನೀರಿನ ಸ್ಪ್ರೇ ಇರಬೇಕು, ಜರಡಿಗೆ ಮುಚ್ಚಿಗೆ ಇರಬೇಕು. ನಳಿಗೆ ಇರುತ್ತದೆ, ಆದರೆ ಅಧಿಕಾರಿ ಬರುವ ದಿನ ಮಾತ್ರ ನೀರು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಜಲ್ಲಿ ಒದ್ದೆಯಾದರೆ ತೂಕ, ಗಿರಾಕಿ ಎಂದು ಮಾಲೀಕರು ನೂರು ಸಬೂಬು ಹೇಳುತ್ತಾರೆ. ಕನಿಷ್ಠ ಪಕ್ಷ ನೀವು ನಿಲ್ಲುವ ಜಾಗವನ್ನಾದರೂ ನೋಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಬೇಸಿಗೆಯಲ್ಲಿ ಹಗಲಿಗೆ ಕಡಲಿನಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿಗೆ. ಮಧ್ಯಾಹ್ನ ಧೂಳೆಲ್ಲ ಮೂಡಣಕ್ಕೆ ಹೋಗುತ್ತದೆ ಎಂದರೆ ಊಟಕ್ಕೆ ಕೂರುವ ಶೆಡ್ಡು ಪಡುವಣದ ಬದಿಗೆ ಇರಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ.

ಈಗ ಮಾಸ್ಕ್. ಟವೆಲ್, ಕರ್ಚೀಫು, ಒದ್ದೆ ಬಟ್ಟೆ, ಆಸ್ಪತ್ರೆಯ ನೀಲಿ ಮಾಸ್ಕ್, ಯಾವುದೂ ಸಣ್ಣ ಧೂಳನ್ನು ಸರಿಯಾಗಿ ತಡೆಯುವುದಿಲ್ಲ. ಬೇಕಾದ್ದು ಎನ್95 ಅಥವಾ ಎಫ್ಎಫ್‌ಪಿ2, ಕ್ರಷರಿನಂಥ ಜಾಗಕ್ಕೆ ಎಫ್ಎಫ್‌ಪಿ3, ಇಲ್ಲವಾದರೆ ರಬ್ಬರಿನ ಅರ್ಧಮುಖದ ಮಾಸ್ಕ್ ಮತ್ತು ಬದಲಾಯಿಸುವ ಫಿಲ್ಟರು. ಪ್ಯಾಕೆಟ್ಟಿನ ಮೇಲೆ ಐಎಸ್ 9473 ಎಂಬ ಗುರುತು ಇದೆಯೇ ನೋಡಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವುದು ಚೆನ್ನಾಗಿ ಕೂರುತ್ತದೆ. ಹಾಕಿಕೊಂಡು ಮೂಗಿನ ತಂತಿ ಒತ್ತಿ, ಎರಡೂ ಅಂಗೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಹತ್ತಿರವೋ ಗಲ್ಲದ ಹತ್ತಿರವೋ ಗಾಳಿ ತಾಗಿದರೆ ಅದು ಸರಿಯಾಗಿ ಕೂತಿಲ್ಲ. ಗಡ್ಡ ಇದ್ದರೆ ಕೂರುವುದೇ ಇಲ್ಲ. ಗಡ್ಡ ಬಿಡುವ ಆಸೆಯನ್ನು ಧೂಳಿನ ಕೆಲಸ ಮುಗಿಯುವವರೆಗೆ ಮುಂದೂಡಿ, ಅಥವಾ ಮೀಸೆಗೆ ಸಮಾಧಾನಪಟ್ಟುಕೊಳ್ಳಿ.

ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಮಾಸ್ಕ್ ಹಾಕಿ ಕೆಲಸ ಮಾಡುವುದು ನರಕ, ಒಪ್ಪುತ್ತೇನೆ. ಉಸಿರು ಹೊರಬಿಡುವ ಕವಾಟ ಇರುವ ಮಾಸ್ಕ್ ಧೂಳಿಗೆ ಸಾಕಾಗುತ್ತದೆ, ಸೆಕೆ ಸ್ವಲ್ಪ ಕಡಿಮೆ. ಬೆವರಿಗೆ ಒದ್ದೆಯಾದರೆ, ಉಸಿರು ಎಳೆಯಲು ಕಷ್ಟವಾದರೆ, ಒಳಗೆ ಧೂಳು ಕಂಡರೆ ಬಿಸಾಡಿ ಹೊಸದು ಹಾಕಿ. ತೊಳೆದು ಒಣಗಿಸಿ ಮತ್ತೆ ಹಾಕಿದರೆ ಅದು ಬರೀ ಬಟ್ಟೆ. ಒಂದು ಮಾಸ್ಕಿನ ಬೆಲೆ ಒಂದು ಮೀನೂಟಕ್ಕಿಂತ ಕಡಿಮೆ, ಅದನ್ನೂ ಕೊಡಬೇಕಾದವರು ಕೆಲಸ ಕೊಟ್ಟವರು.

ಕೆಲಸ ಮುಗಿದ ಮೇಲೆ ಒಣ ಪೊರಕೆ ಹಿಡಿಯಬೇಡಿ, ನೀರು ಹಾಕಿ ಗುಡಿಸಿ. ಕಂಪ್ರೆಸರ್ ಗಾಳಿ ಬಿಟ್ಟುಕೊಂಡು ಬಟ್ಟೆ ಕೊಡವಿಕೊಳ್ಳುವುದು ಕ್ರಷರುಗಳಲ್ಲಿ ಎಲ್ಲರಿಗೂ ಅಭ್ಯಾಸ, ಅದು ಧೂಳನ್ನು ನೇರ ಮೂಗಿಗೆ ಊದಿಕೊಂಡ ಹಾಗೆಯೇ. ಬಟ್ಟೆಯನ್ನು ಅಲ್ಲೇ ಬದಲಾಯಿಸಿ, ಚೀಲಕ್ಕೆ ಹಾಕಿ ಕಟ್ಟಿ, ಮನೆಯಲ್ಲಿ ಕೊಡವದೆ ನೇರ ನೀರಿಗೆ ಹಾಕಿ. ಒಗೆಯುವ ಹೆಂಡತಿಗೂ ಅಮ್ಮನಿಗೂ ಆ ಧೂಳು ಬೇಡ. ಕೆಸರಾದದ್ದನ್ನು ಒಣಗುವ ಮೊದಲೇ ತೆಗೆದು ಹಾಕಿ, ಒಣಗಿದರೆ ಮತ್ತೆ ಧೂಳೇ.

ಬೆಲ್ಲ ಮತ್ತು ಪ್ಯಾಕೆಟ್ಟು

ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಎಂದು ಕ್ವಾರಿಯಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ಇಲಿಗಳ ಮೇಲೆ ಒಂದು ಪ್ರಯೋಗ ಹಿಂದೆ ನಡೆದದ್ದು ನಿಜ, ಮನುಷ್ಯರ ಶ್ವಾಸಕೋಶ ಉಳಿದದ್ದಕ್ಕೆ ಆಧಾರ ಇಲ್ಲ. ಹೊಟ್ಟೆಗೆ ಹೋಗುವ ದಾರಿ ಬೇರೆ, ಎದೆಗೆ ಹೋಗುವ ದಾರಿ ಬೇರೆ. ನಮ್ಮ ಜೋನಿ ಬೆಲ್ಲವನ್ನು ದೋಸೆ ಜೊತೆ ರುಚಿಗೆ ತಿನ್ನಿ, ಯಾರೂ ಬೇಡ ಎನ್ನುವುದಿಲ್ಲ. ಬಾಳೆಹಣ್ಣಿನ ಕಥೆಯೂ ಅಷ್ಟೇ. ಸಂಜೆ ಒಂದು ಪ್ಯಾಕೆಟ್ ಹಾಕಿದರೆ ಗಂಟಲು ತೊಳೆದುಹೋಗುತ್ತದೆ ಎಂಬುದಂತೂ ಕುಡಿಯಲು ಹುಡುಕಿದ ನೆಪ. ಬೀಡಿ ಸಿಗರೇಟಿನ ವಿಷಯಕ್ಕೆ ಉದ್ದ ಬರೆಯುವುದಿಲ್ಲ. ಸಿಲಿಕಾ ಒಂದೇ ಸಾಕು ಶ್ವಾಸಕೋಶದ ಕ್ಯಾನ್ಸರಿಗೆ, ಬೀಡಿ ಸೇರಿದರೆ ಅಪಾಯ ಎಷ್ಟೋ ಪಟ್ಟು.

ಡಾಕ್ಟರ ಹತ್ತಿರ ಹೋಗುವಾಗ

ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಧೂಳಿನಲ್ಲಿ ಕೆಲಸ ಮಾಡಿದ ಮೇಲೆ ತಲೆ ಎತ್ತುತ್ತದೆ. ಧೂಳು ತುಂಬಾ ಜಾಸ್ತಿ ಇದ್ದರೆ ಐದು ವರ್ಷಕ್ಕೇ, ವಿಪರೀತ ಇದ್ದರೆ ಅದಕ್ಕೂ ಮೊದಲೇ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಣಕೆಮ್ಮು, ಗುಡ್ಡ ಹತ್ತುವಾಗ ದಮ್ಮು. ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಮನೆಯ ಮೆಟ್ಟಿಲಿಗೆ ಈಗ ಎರಡು ಸಲ ನಿಲ್ಲುತ್ತಿದ್ದೀರಾ? ಪರೀಕ್ಷೆ ಮಾಡಿಸಿಕೊಳ್ಳಿ. ಏನೂ ತೊಂದರೆ ಇಲ್ಲದಿದ್ದರೂ ಕಲ್ಲಿನ ಕೆಲಸಕ್ಕೆ ಸೇರಿದಾಗ ಒಂದು ಎಕ್ಸ್‌ರೇ ತೆಗೆಸಿಟ್ಟುಕೊಳ್ಳುವುದು, ಆಮೇಲೆ ಆಗಾಗ ಎಕ್ಸ್‌ರೇ ಮತ್ತು ಊದುವ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹಳೆಯದು ಇದ್ದರೆ ತಾನೇ ಹೊಸದನ್ನು ಹೋಲಿಸಲು ಬರುವುದು?

ನಮ್ಮಲ್ಲಿ ದೊಡ್ಡ ಎಡವಟ್ಟು ಆಗುವುದು ಟಿಬಿ ವಿಷಯದಲ್ಲಿ. ಸಿಲಿಕೋಸಿಸ್‌ನ ಚುಕ್ಕೆಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಬರುತ್ತವೆ, ಟಿಬಿಯೂ ಹೆಚ್ಚಾಗಿ ಅಲ್ಲೇ. ಕೆಮ್ಮು, ತೂಕ ಇಳಿಯುವುದು ಎರಡಕ್ಕೂ ಒಂದೇ. ನಮ್ಮ ಕೇರಿಯ ಒಬ್ಬರಿಗೆ, ಅವರು ಕ್ವಾರಿಯಲ್ಲಿ ಡ್ರಿಲ್ ಹಿಡಿದವರು, ಕಫದಲ್ಲಿ ಏನೂ ಸಿಗದಿದ್ದರೂ ಎರಡು ಸಲ ಟಿಬಿ ಮಾತ್ರೆಯ ಕೋರ್ಸ್ ಕೊಟ್ಟರು. ನೀವು ಏನು ಕೆಲಸ ಮಾಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಅವರೂ ಹೇಳಲಿಲ್ಲ, ಡಾಕ್ಟರಿಗೆ ಗೊತ್ತಾಗಿರುತ್ತದೆ ಎಂದುಕೊಂಡಿದ್ದರು. ಕೊನೆಗೆ ಮಣಿಪಾಲಕ್ಕೆ ಹೋದ ಮೇಲೆ ಕಲ್ಲಿನ ಮಾತು ಬಂತು.

ಹಾಗೆಂದು ಟಿಬಿ ಪರೀಕ್ಷೆ ಬೇಡ ಎಂದಲ್ಲ. ಸಿಲಿಕಾ ಕುಡಿದ ಶ್ವಾಸಕೋಶಕ್ಕೆ ಟಿಬಿ ತಗಲುವುದು ಬೇರೆಯವರಿಗಿಂತ ಬಹಳ ಸುಲಭ, ಎರಡೂ ಒಟ್ಟಿಗೇ ಇರಬಹುದು. ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮಾತ್ರೆಯೂ ಉಚಿತ. ಟಿಬಿ ಎಂದು ಖಾತ್ರಿಯಾಗಿ ಹೆಸರು ದಾಖಲಾದರೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬರುತ್ತದೆ, 2024ರ ನವೆಂಬರ್‌ವರೆಗೆ ಅದು 500 ಇತ್ತು. ಸಿಲಿಕೋಸಿಸ್ ಕೂಡ ಇದ್ದರೆ ಟಿಬಿ ಮಾತ್ರೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಕೊಡಬೇಕಾಗಬಹುದು. ಅದಕ್ಕೂ ಕೆಲಸದ ವಿಷಯ ಡಾಕ್ಟರಿಗೆ ಗೊತ್ತಿರಬೇಕು.

ಹಾಗಾಗಿ ಚೀಟಿ ಮಾಡಿಸುವ ಮೊದಲು ಒಂದು ಹಾಳೆ ಬರೆದುಕೊಳ್ಳಿ. ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಯಾವ ಊರಿನ ಯಾವ ಕ್ವಾರಿ ಅಥವಾ ಗುತ್ತಿಗೆದಾರರ ಹತ್ತಿರ, ಏನು ಕೆಲಸ, ಡ್ರಿಲ್ಲಾ, ಕಟಿಂಗಾ, ಲೋಡಿಂಗಾ, ದಿನಕ್ಕೆ ಎಷ್ಟು ಗಂಟೆ, ನೀರು ಇತ್ತೋ ಇಲ್ಲವೋ, ಯಾವ ಕಲ್ಲು. ಜೊತೆಗೆ ಕೆಲಸ ಮಾಡಿದ ಇಬ್ಬರ ಹೆಸರು. ಕುಳಿತ ಕೂಡಲೇ ಡಾಕ್ಟರ ಕೈಗೆ ಕೊಡಿ, "ಸರ್, ನಾನು ಹನ್ನೆರಡು ವರ್ಷ ಕಲ್ಲು ಕೊಯ್ದಿದ್ದೇನೆ, ಇದು ಧೂಳಿನಿಂದ ಬಂದದ್ದಾ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಸಿಲಿಕೋಸಿಸ್ ಎಂದು ಹೇಳಲು ಎಕ್ಸ್‌ರೇ ಜೊತೆ ಈ ಕೆಲಸದ ಇತಿಹಾಸವೇ ಮುಖ್ಯ ಸಾಕ್ಷಿ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ.

ಎಕ್ಸ್‌ರೇ ಫಿಲ್ಮು ನಮ್ಮ ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ. ತಂದ ದಿನವೇ ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ. ಫಿಲ್ಮಿನ ನಡುವೆ ಪೇಪರ್ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಲೆಯ ಅಟ್ಟದಂಥ ಬೆಚ್ಚಗಿನ ಜಾಗ ಬೇಡ, ಕಪಾಟು ಸಾಕು.

ಎಲ್ಲಿಗೆ ಹೋಗುವುದು? ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಇದೆ, ಆಚೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗಡಿಯವರಿಗೆ ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ನಾವು ಕೂಗುತ್ತಲೇ ಇದ್ದೇವೆ. ಅದು ಬರುವವರೆಗೆ ಬಸ್ಸು ಹತ್ತುವುದೇ ಗತಿ.

ಕಾಯಿಲೆ ಇದೆ ಎಂದಾದರೆ ಮೊದಲ ಮದ್ದು ಧೂಳಿನಿಂದ ಹೊರಗೆ ಬರುವುದು. ಹೇಳುವುದು ಸುಲಭ, ಮನೆ ನಡೆಯಬೇಕಲ್ಲ. ಅದೇ ಕಡೆ ನೀರಿನ ಮಷಿನ್ನಿಗೋ, ಕಾವಲಿಗೋ, ಲಾರಿ ಲೆಕ್ಕಕ್ಕೋ ಬದಲಾಯಿಸಿಕೊಡಲು ಕೇಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವಿಚಾರಿಸಿ. ಉಸಿರಾಟದ ವ್ಯಾಯಾಮ, ಬೇಕಾದವರಿಗೆ ಇನ್‌ಹೇಲರ್, ಆಕ್ಸಿಜನ್, ಇವು ಕಾಯಿಲೆ ವಾಸಿ ಮಾಡುವುದಿಲ್ಲ, ದಿನ ಕಳೆಯುವುದನ್ನು ಹಗುರ ಮಾಡುತ್ತವೆ. ಶ್ವಾಸಕೋಶ ತೊಳೆದು ಕೊಡುತ್ತೇವೆ, ಬೇರುಕಷಾಯದಲ್ಲಿ ಕಲ್ಲು ಕರಗಿಸುತ್ತೇವೆ ಎನ್ನುವವರಿಗೆ ಸಾಲ ಮಾಡಿ ದುಡ್ಡು ಸುರಿಯಬೇಡಿ.

ಹಕ್ಕಿನ ದುಡ್ಡು

ಸಿಲಿಕೋಸಿಸ್, ಕಲ್ಲಿದ್ದಲು ಕಾರ್ಮಿಕರ ನ್ಯೂಮೋಕೊನಿಯೋಸಿಸ್ ಎಂಬ ಕಪ್ಪು ಶ್ವಾಸಕೋಶದ ಕಾಯಿಲೆ, ಆಸ್‌ಬೆಸ್ಟಾಸ್ ನಾರಿನಿಂದ ಬರುವ ಆಸ್‌ಬೆಸ್ಟೋಸಿಸ್ ಇವೆಲ್ಲ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳು. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಇದ್ದವು, 2020ರ ಕಾರ್ಮಿಕ ಸಂಹಿತೆಯಲ್ಲೂ ಇವೆ. ಆ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಗುರುತಿಸಿದ ಡಾಕ್ಟರೂ ವರದಿ ಮಾಡಬೇಕು, ಮಾಲೀಕರೂ ಮಾಡಬೇಕು. ಕೆಲಸದಿಂದ ಬಂದ ಕಾಯಿಲೆಯನ್ನು ಕಾನೂನು ಕೆಲಸದಲ್ಲಿ ಆದ ಅಪಘಾತದ ಹಾಗೆಯೇ ನೋಡುತ್ತದೆ, ಪರಿಹಾರ ಕೇಳಬಹುದು. ಇಎಸ್‌ಐ ಕಡಿತ ಆಗುತ್ತಿದ್ದರೆ ಇಎಸ್‌ಐ ಮೂಲಕ, ಇಲ್ಲದಿದ್ದರೆ ಮಾಲೀಕರಿಂದ ಕಾರ್ಮಿಕ ಇಲಾಖೆಯ ಮೂಲಕ. ಕ್ಲೇಮಿಗೆ ಕಾಲಮಿತಿ ಇದೆ, ಹಳೆಯ 1923ರ ಕಾಯ್ದೆಯಲ್ಲಿ ಎರಡು ವರ್ಷ ಇತ್ತು. ರಿಪೋರ್ಟ್ ಕೈಗೆ ಬಂದ ಮೇಲೆ ಹಬ್ಬ ಮುಗಿಯಲಿ, ಮಳೆ ಬಿಡಲಿ ಎಂದು ಕೂರಬೇಡಿ.

ಇಲ್ಲಿ ತೊಡಕು ಎಂದರೆ ಹೆಚ್ಚಿನವರ ಹತ್ತಿರ ಕೆಲಸ ಮಾಡಿದ್ದಕ್ಕೆ ಕಾಗದವೇ ಇಲ್ಲ. ಗುತ್ತಿಗೆದಾರನ ಕೆಳಗೆ ಮೇಸ್ತ್ರಿ, ಮೇಸ್ತ್ರಿಯ ಕೆಳಗೆ ನೀವು, ಸಂಬಳ ಕೈಗೆ. ಈಗಲೇ ಶುರು ಮಾಡಿ. ಹಾಜರಿ ಪುಸ್ತಕದ ಪುಟದ ಫೋಟೋ, ಫೋನ್‌ಪೇಯಲ್ಲಿ ಬಂದ ಸಂಬಳದ ಸ್ಕ್ರೀನ್‌ಶಾಟ್, ಕ್ವಾರಿಯ ಬೋರ್ಡಿನ ಮುಂದೆ ನಿಂತ ಒಂದು ಫೋಟೋ, ಗೇಟ್ ಪಾಸು, ಮೇಸ್ತ್ರಿಯ ವಾಟ್ಸಾಪ್ ಮೆಸೇಜು, ಎಲ್ಲವೂ ಮುಂದೆ ಸಾಕ್ಷಿಯೇ. ಕಟ್ಟಡ ಕೆಲಸದವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿಕೊಳ್ಳಬಹುದು, ವಯಸ್ಸು 18ರಿಂದ 60ರ ಒಳಗೆ ಇರಬೇಕು. ಅದರಲ್ಲಿ ವೈದ್ಯಕೀಯ ಸಹಾಯ ಇದೆ. ಕಾರ್ಡ್ ನವೀಕರಣ ತಪ್ಪಿಸಬೇಡಿ, ಕಾಯಿಲೆ ಬಿದ್ದಾಗಲೇ ಅವಧಿ ಮುಗಿದಿರುತ್ತದೆ.

ಮಾಲೀಕರು ಇದು ಕ್ವಾರಿ, ಗಣಿ ಅಲ್ಲ, ನಮಗೆ ಆ ಕಾನೂನು ಬರುವುದಿಲ್ಲ ಎಂದರೆ ನಂಬಬೇಡಿ. ಕಲ್ಲು ಕ್ವಾರಿಯೂ ಕಾನೂನಿನ ಲೆಕ್ಕದಲ್ಲಿ ಗಣಿಯೇ. 1952ರ ಗಣಿ ಕಾಯ್ದೆಯಲ್ಲಿ ಚಿರೆಕಲ್ಲಿನಂಥ ಸಣ್ಣ ಕ್ವಾರಿಗೆ ವಿನಾಯಿತಿ ಇದ್ದದ್ದು ಹೌದು, ಅದು ಆಳ ಆರು ಮೀಟರ್ ದಾಟದೆ, ಕೆಲಸದವರು ಐವತ್ತು ದಾಟದೆ, ಸ್ಫೋಟಕ ಬಳಸದಿದ್ದರೆ ಮಾತ್ರ. ನಮ್ಮ ಕಡೆಯ ಎಷ್ಟು ಹೊಂಡಗಳ ಆಳ ಆರು ಮೀಟರಿಗೆ ನಿಂತಿದೆ ಎಂದು ನೀವೇ ಬಗ್ಗಿ ನೋಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರ ಹೋದರೂ ಆಗುತ್ತದೆ. ಹೋಗುವಾಗ ಆಧಾರ್, ಕೆಲಸದ ಹಾಳೆ, ಎಕ್ಸ್‌ರೇ ಮತ್ತು ಡಾಕ್ಟರ ರಿಪೋರ್ಟು, ಸಂಬಳದ ಸಾಕ್ಷಿ, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ, ಅಸಲು ಯಾರ ಕೈಗೂ ಕೊಡಬೇಡಿ. ಅರ್ಜಿ ಕೊಟ್ಟ ಮೇಲೆ ಸೀಲು ಹಾಕಿದ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ, ಆಮೇಲೆ ಕೊಡುತ್ತೇವೆ ಎಂದರೆ ಅಲ್ಲೇ ಬೆಂಚಿನ ಮೇಲೆ ಕಾಯುತ್ತೇನೆ ಎನ್ನಿ.